ಕಾಳಿ ಒಂದೇ ಜಿಲ್ಲೆಯ ನದಿ. ಜೋಯಿಡಾದವರ ಕಚೇರಿಗಳು ಹತ್ತು ದಿಕ್ಕಿಗೆ ಏಕೆ?

ಕಾಳಿತೀರದವ (ವಾಸ್ಕೊ)

ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಉತ್ತರ ಕನ್ನಡ ಜಿಲ್ಲೆಯ ಬಗ್ಗೆ ಮಾತನಾಡುವ ಹೊಣೆ ಈ ಸಲ ನನ್ನ ಪಾಲಿಗೆ ಬಂದಿದೆ. ಕೇಳುವವರಲ್ಲಿ ಹೆಚ್ಚಿನವರು ಗೋವಾದಲ್ಲೇ ಹುಟ್ಟಿ ಬೆಳೆದ ಮಕ್ಕಳು. ರಜೆಯಲ್ಲಿ ಅನಮೋಡ ಘಟ್ಟ ಹತ್ತಿ ರಾಮನಗರದ ಮೇಲೆ ಧಾರವಾಡಕ್ಕೋ ಬೆಳಗಾವಿಗೋ ಹೋಗುವ ಮಕ್ಕಳಿಗೂ, ಪೋಳೆಂ ದಾಟಿ ಕಾರವಾರಕ್ಕೆ ಹೋಗುವ ಮಕ್ಕಳಿಗೂ ತಾವು ಕಂಡದ್ದು ಒಂದೇ ಜಿಲ್ಲೆಯ ಎರಡು ಅಂಚು ಎಂಬುದು ಗೊತ್ತಿರುವುದಿಲ್ಲ.

ನನ್ನ ತಾಯಿಯ ಕಡೆಯವರು ಜೋಯಿಡಾ ತಾಲ್ಲೂಕಿನವರಾದ್ದರಿಂದ ನಾನು ಕಾಳಿ ನದಿಯನ್ನೇ ಎಳೆಯಾಗಿ ಹಿಡಿದು ಮಾತನಾಡಬೇಕೆಂದಿದ್ದೇನೆ. ಗೋವಾ ಗಡಿಯ ಹತ್ತಿರದ ಡಿಗ್ಗಿಯಲ್ಲಿ ಹುಟ್ಟಿ, ಸುಮಾರು 184 ಕಿ.ಮೀ. ಹರಿದು, ಸದಾಶಿವಗಡದ ಬುಡದಲ್ಲಿ ಸಮುದ್ರ ಸೇರುವ ಈ ನದಿಯ ಹರಿವೆಲ್ಲವೂ ಒಂದೇ ಜಿಲ್ಲೆಯೊಳಗೆ ಮುಗಿಯುತ್ತದೆ. ಆದರೆ ಅದರ ದಂಡೆಯ ಊರುಗಳ ಆಡಳಿತವನ್ನು ವಿವರಿಸಲು ಹೊರಟಾಗ ನನಗೇ ಕೆಲವು ಸಂಗತಿಗಳು ಬಿಡಿಸಲಾಗದಂತಾದವು. ಜಿಲ್ಲೆಯ ವಿಸ್ತೀರ್ಣ 10,291 ಚದರ ಕಿ.ಮೀ.; ನಾವಿರುವ ಗೋವಾ ಇಡೀ ರಾಜ್ಯವೇ 3,702 ಚದರ ಕಿ.ಮೀ. ಆದರೆ 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ, ಗೋವಾದ್ದು 14.58 ಲಕ್ಷ. ಹೆಚ್ಚುಕಡಿಮೆ ಅಷ್ಟೇ ಜನ, ಸುಮಾರು ಮೂರು ಪಟ್ಟು ನೆಲ. ಇಷ್ಟು ದೊಡ್ಡ ಜಿಲ್ಲೆಗೆ ವಾಯವ್ಯದ ಮೂಲೆಯಲ್ಲಿರುವ ಕಾರವಾರವೇ ಕೇಂದ್ರವಾದದ್ದು ಹೇಗೆ? ಜೋಯಿಡಾದಂಥ ಕಾಡಿನ ತಾಲ್ಲೂಕಿನ ಮನುಷ್ಯನಿಗೆ ಯಾವ ಕೆಲಸಕ್ಕೆ ಯಾವ ಊರು? ಶಿರಸಿ ಬೇರೆ ಜಿಲ್ಲೆಯಾಗಲಿ ಎನ್ನುವ ಬೇಡಿಕೆ ಈಡೇರಿದರೆ ಅವನಿಗೆ ಅನುಕೂಲವಾಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಡೊಂಬಿವಲಿ ಮಾಸ್ತರ

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಹತ್ತಿಯ ವ್ಯಾಪಾರದಲ್ಲಿದೆ.

1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಈ ಕರಾವಳಿಯೆಲ್ಲ ‘ಕೆನರಾ’ ಎಂಬ ಒಂದೇ ಜಿಲ್ಲೆಯಾಗಿ ಕಂಪನಿ ಸರ್ಕಾರದ ಕೈಸೇರಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಆಗ ಅದು ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. 1860ರ ಸುಮಾರಿಗೆ ಅದನ್ನು ಉತ್ತರ, ದಕ್ಷಿಣ ಎಂದು ಒಡೆದು, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದರು. ಆ ಹೊತ್ತಿನಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಧಾರವಾಡದ ಎರೆಭೂಮಿಯ ಹತ್ತಿ ಮುಂಬಯಿ ಪ್ರಾಂತದಲ್ಲಿ ಬೆಳೆಯುತ್ತಿತ್ತು. ಅದನ್ನು ಹಡಗಿಗೇರಿಸಲು ಹತ್ತಿರವಾಗಿದ್ದ ಕಾರವಾರ–ಸದಾಶಿವಗಡದ ಬಂದರು ಮಾತ್ರ ಮದ್ರಾಸಿನದಾಗಿತ್ತು. ಘಟ್ಟದ ರಸ್ತೆಗೂ ಬಂದರಿಗೂ ಎರಡು ಸರ್ಕಾರಗಳ ಒಪ್ಪಿಗೆ ಬೇಡಬೇಕಾದ ಈ ತೊಡಕು ನೀಗಲೆಂದು ಮ್ಯಾಂಚೆಸ್ಟರಿನ ವರ್ತಕರು ಒತ್ತಾಯಿಸಿದರು, ಜಿಲ್ಲೆ ಮುಂಬಯಿಗೆ ಬಂತು. ಕಲೆಕ್ಟರ್ ಕಚೇರಿ ಕಾರವಾರದಲ್ಲಿ ಕುಳಿತದ್ದು ಬಂದರಿನ ಕಡೆ ಮುಖಮಾಡಿ; ಶಿರಸಿಯ ತೋಟಿಗರಾಗಲಿ ಸೂಪಾದ (ಇಂದಿನ ಜೋಯಿಡಾ ತಾಲ್ಲೂಕಿನ) ಕುಮ್ರಿ ಬೇಸಾಯಗಾರರಾಗಲಿ, ಅಂದರೆ ಕಾಡು ಕಡಿದು ಸುಟ್ಟು ಬೆಳೆ ತೆಗೆಯುವವರಾಗಲಿ ಆ ಲೆಕ್ಕದಲ್ಲಿ ಇರಲಿಲ್ಲ.

ಮುಂದೇನಾಯಿತೆಂಬುದನ್ನು ವಾಸ್ಕೊದಲ್ಲಿರುವ ನೀವು ಮಕ್ಕಳಿಗೆ ಹೇಳಲೇಬೇಕು. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1880ರ ದಶಕದಲ್ಲಿ ಮುರ್ಮುಗೋವಾದಿಂದ ಕುಳೆಂ ಮೂಲಕ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ಗೆ ರೈಲು ಬಂತು. ಧಾರವಾಡ, ಹುಬ್ಬಳ್ಳಿಯ ಸರಕು ಆ ಹಳಿಯ ಹಿಂದೆ ಹೋಯಿತು. ಕಾರವಾರಕ್ಕೆ ಕಚೇರಿಗಳು ಉಳಿದವು, ವ್ಯಾಪಾರ ಉಳಿಯಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಇಂದಿಗೂ ಆಗಿಲ್ಲ. ಬಂದರಿಗಾಗಿ ಆರಿಸಿದ ಕೇಂದ್ರ ಬಂದರಿನ ಮಹತ್ವ ಕುಗ್ಗಿದ ಮೇಲೂ ಕೇಂದ್ರವಾಗಿಯೇ ಮುಂದುವರಿಯಿತು. ಒಮ್ಮೆ ಕೋರ್ಟು, ಖಜಾನೆ, ಜೈಲು ಕಟ್ಟಿದ ಮೇಲೆ ಯಾವ ಸರ್ಕಾರವೂ ಅವನ್ನು ಸುಲಭವಾಗಿ ಕದಲಿಸುವುದಿಲ್ಲ. ಆ ಕಾರವಾರದ ನ್ಯಾಯಾಲಯದಲ್ಲಿಯೇ ಐಸಿಎಸ್‌ನ (ಬ್ರಿಟಿಷ್ ಕಾಲದ ಉನ್ನತ ನಾಗರಿಕ ಸೇವೆಯ) ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥರು ಅಣ್ಣನ ಮನೆಗೆ ಬಂದು ತಂಗಿದ್ದರಿಂದಲೇ ಅಲ್ಲಿನ ಕಡಲತೀರಕ್ಕೆ ಇಂದು ಅವರ ಹೆಸರಿದೆ.

1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರುವವರೆಗೆ, ಅಂದರೆ 94 ವರ್ಷ, ಇದು ಮುಂಬಯಿಯ ಜಿಲ್ಲೆ. ಹೀಗಾಗಿ ಅದರ ಹಳೆಯ ಕಂದಾಯದ, ಅರಣ್ಯದ ಕಾಗದಪತ್ರಗಳು ಇಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಸಿಗುತ್ತವೆ. ಮುಂಬಯಿಗೆ ಬರುವ ಕೆಲಸವಿದ್ದರೆ ಒಮ್ಮೆ ಹೋಗಿ ನೋಡಿರಿ.

ಫೋಂಡಾ ಎಂಜಿನಿಯರ್

ಮಾಸ್ತರರು ಬರೆದದ್ದು ಸರಿ. ನಾನು ನದಿಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಕಾಳಿಯನ್ನು ಇಂದು ನಕ್ಷೆಯ ನೀಲಿ ಗೆರೆಯಂತೆ ತೋರಿಸಿದರೆ ಮಕ್ಕಳಿಗೆ ತಪ್ಪು ಚಿತ್ರ ಸಿಗುತ್ತದೆ. ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಲಾಶಯಗಳ ಸಾಲು. ಕ್ಯಾಸಲ್‌ರಾಕ್ ಸುತ್ತಮುತ್ತ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ, ಅದೇ ಜಿಲ್ಲೆಯ ಹಳಿಯಾಳ, ಮುಂಡಗೋಡಿನ ಕಡೆ 1,200 ಮಿ.ಮೀ. ಆಸುಪಾಸು; ಈ ಅಂತರವೇ ಮೇಲಿನ ಕಾಡನ್ನೂ ಪೂರ್ವದ ಬಯಲಿನ ಗದ್ದೆಗಳನ್ನೂ ಬೇರೆಮಾಡಿದೆ. ಮೇಲಿನ ಆ ಮಳೆಯನ್ನು ಹಿಡಿದಿಡಲು ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಕಟ್ಟಿದರು. ಸುಮಾರು 145 ಟಿಎಂಸಿ ನೀರು ಹಿಡಿಯುವ ಆ ಜಲಾಶಯದ ಕೆಳಗೆ, ಕಾಳಿ ಮತ್ತು ಪಾಂಡರಿ ನದಿಗಳು ಕೂಡುತ್ತಿದ್ದಲ್ಲಿದ್ದ ಹಳೆಯ ಸೂಪಾ ಪೇಟೆ ಮುಳುಗಿದೆ. ತಾಲ್ಲೂಕಿಗೆ ಹೆಸರು ಕೊಟ್ಟ ಊರೇ ಹೋದ ಮೇಲೆ ಕೇಂದ್ರ ಜೋಯಿಡಾಕ್ಕೆ ಬಂತು. ಮುಳುಗಡೆಯಾದವರಲ್ಲಿ ಬಹಳ ಜನರಿಗೆ ರಾಮನಗರದಲ್ಲಿ ನೆಲೆ ಸಿಕ್ಕಿತು. ನಿಮ್ಮ ಬಳಗದ ಮಕ್ಕಳು ಬಸ್ಸಿನಿಂದಿಳಿದು ಚಹಾ ಕುಡಿಯುವ ರಾಮನಗರ ಹೀಗೆ ಬೆಳೆದ ಊರು.

ಸೂಪಾದ ನೀರು ದಾಂಡೇಲಿ ದಾಟಿ ಬೊಮ್ಮನಹಳ್ಳಿಗೆ, ಅಲ್ಲಿಂದ ಸುರಂಗದಲ್ಲಿ ನಾಗಝರಿ ವಿದ್ಯುದಾಗಾರಕ್ಕೆ, ಆಮೇಲೆ ಕೊಡಸಳ್ಳಿಗೆ, ಕೊನೆಗೆ ಕದ್ರಾಕ್ಕೆ. ಕದ್ರಾದ ಹಿನ್ನೀರಿನ ದಂಡೆಯಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರವಿದೆ. ಯಾವ ಹೊತ್ತಿಗೆ ಎಷ್ಟು ನೀರು ಕೆಳಗಿಳಿಯಬೇಕೆಂಬುದು ಮಳೆಗಾಲವೊಂದನ್ನು ಬಿಟ್ಟರೆ ರಾಜ್ಯದ ವಿದ್ಯುತ್ ಬೇಡಿಕೆಯನ್ನು ಅವಲಂಬಿಸಿದೆ, ಆ ಲೆಕ್ಕ ನಡೆಯುವುದು ಬೆಂಗಳೂರಿನಲ್ಲಿ.

ಇಲ್ಲಿಯೇ ಆಡಳಿತದ ವಿಷಯ ಬರುತ್ತದೆ. ಕದ್ರಾದ ಹೊಟ್ಟೆ ಸೂಪಾದ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ. ಸೂಪಾ ಇನ್ನೂ ತುಂಬದಿದ್ದಾಗಲೂ ಘಟ್ಟದ ಇಳಿಜಾರಿನಲ್ಲಿ ಎಡೆಬಿಡದೆ ಮಳೆ ಸುರಿದರೆ, ಕೊಡಸಳ್ಳಿಯಿಂದ ಬರುವ ನೀರೂ ಸೇರಿ ಕದ್ರಾದ ಬಾಗಿಲು ತೆರೆಯಲೇಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ಹಾಗೆ ನೀರು ಬಿಟ್ಟಾಗ ಕದ್ರಾ, ಮಲ್ಲಾಪುರದಿಂದ ಕೆಳಗಿನ ದಂಡೆಯ ಊರುಗಳಿಗೆ ನೀರು ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ಬಾಗಿಲು ವಿದ್ಯುತ್ ನಿಗಮದ ಕೈಯಲ್ಲಿದೆ, ಮನೆ ಖಾಲಿ ಮಾಡಿಸುವುದು ತಹಶೀಲ್ದಾರರ ಕೈಯಲ್ಲಿದೆ, ಇಬ್ಬರಿಗೂ ಸೂಚನೆ ಕೊಡುವ ಅಧಿಕಾರ 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರಾದ ಜಿಲ್ಲಾಧಿಕಾರಿಯದು. ಅಂಥ ರಾತ್ರಿಯಲ್ಲಿ ಜಿಲ್ಲಾಧಿಕಾರಿ ನದಿಯ ಬಾಯಿಯಲ್ಲೇ ಇರುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ. ಕೇಂದ್ರ ಮೂಲೆಯಲ್ಲಿದೆ ಎನ್ನುವುದೊಂದನ್ನೇ ಹಿಡಿದು ಕಾರವಾರವನ್ನು ಅಲ್ಲಗಳೆಯಬಾರದು.

ಮಡಗಾಂವ್ ಶಿರಸ್ತೇದಾರ

ನಾನು ಘಟ್ಟದ ಮೇಲಿನ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ಮಾಡಿ ನಿವೃತ್ತಳಾಗಿ, ಈಗ ಮಗನ ಮನೆಯಲ್ಲಿ ಮಡಗಾಂವಿನಲ್ಲಿದ್ದೇನೆ. ಕಾಳಿತೀರದವರ ಎರಡನೆಯ ಪ್ರಶ್ನೆ ಇಷ್ಟು ದಿನ ಯಾರೂ ನೇರವಾಗಿ ಕೇಳದ ಪ್ರಶ್ನೆ.

ಜೋಯಿಡಾ ತಾಲ್ಲೂಕಿನ ಒಳಗಿನ ಒಂದು ಹಳ್ಳಿಯ, ಕಾಡಿನಲ್ಲೇ ಬಾಳುವ ಕುಣಬಿ ಸಮುದಾಯದ ಕುಟುಂಬವನ್ನು ಕಣ್ಣಮುಂದೆ ಇಟ್ಟುಕೊಳ್ಳಿರಿ. ಮನೆಯ ಸುತ್ತ ಮುಡ್ಲಿ, ಕೆಸುವಿನಂಥ ಗೆಡ್ಡೆಗಳ ಹಿತ್ತಿಲು, ಕೆಳಗೆ ಹಳ್ಳದ ಪಕ್ಕ ಎರಡು ಭತ್ತದ ಗದ್ದೆ, ಮೂರು ಕಡೆಯೂ ಅರಣ್ಯ. ಜಾತಿ, ಆದಾಯದ ಪ್ರಮಾಣಪತ್ರಕ್ಕೆ ಅವರು ನಾಡಕಚೇರಿಗೆ ಹೋಗುತ್ತಾರೆ, ಅಲ್ಲಿಯವರೆಗೆ ತೊಂದರೆಯಿಲ್ಲ. ಪಹಣಿಯಲ್ಲಿ ಹೆಸರು ಬದಲಾವಣೆಯ ತಕರಾರು ಬಂದು, ತಹಶೀಲ್ದಾರರ ಆದೇಶದ ಮೇಲೆ ಮೇಲ್ಮನವಿ ಹೋಗಬೇಕಾದರೆ ಉಪವಿಭಾಗಾಧಿಕಾರಿ ಇರುವುದು ಕಾರವಾರದಲ್ಲಿ. ಅಣಶಿ ಘಟ್ಟ ಇಳಿದು ಹೋಗಬೇಕು, ಮಳೆಗಾಲದಲ್ಲಿ ಘಟ್ಟ ಕುಸಿದರೆ ಬೇರೆ ದಾರಿ ಸುತ್ತಬೇಕು. ಅದೇ ಮನೆಯ ಮಗಳ ಶಾಲೆಯ ವಿಷಯಕ್ಕೆ ಉಪನಿರ್ದೇಶಕರ ಕಚೇರಿ ಬೇಕೆಂದರೆ ಅದು ಕಾರವಾರದಲ್ಲಿಲ್ಲ, ಶಿರಸಿಯಲ್ಲಿದೆ; ಘಟ್ಟದ ಮೇಲಿನ ತಾಲ್ಲೂಕುಗಳಿಗಾಗಿ ಶಿರಸಿ ಶೈಕ್ಷಣಿಕ ಜಿಲ್ಲೆ ಬೇರೆಯೇ ಇದೆ, ಜೋಯಿಡಾ ಅದರಲ್ಲಿ ಸೇರಿದೆ. ಮನೆಯ ಹಿಂದಿನ ಕಾಡು ಹುಲಿ ಮೀಸಲಿನದಾದರೆ ಕಚೇರಿ ದಾಂಡೇಲಿ, ಅಲ್ಲವಾದರೆ ಹಳಿಯಾಳ ವಿಭಾಗವೋ ಇನ್ನೊಂದೋ. ಎಲ್ಲಕ್ಕೂ ಮೇಲಿನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ ಶಿರಸಿ. ವಿದ್ಯುತ್ ಸರಬರಾಜು ಕಂಪನಿಯ ಕೇಂದ್ರ ಹುಬ್ಬಳ್ಳಿ, ಪ್ರಾದೇಶಿಕ ಆಯುಕ್ತರು ಬೆಳಗಾವಿ, ಹೈಕೋರ್ಟ್ ಪೀಠ ಧಾರವಾಡ. ಮತ ಹಾಕುವಾಗ ವಿಧಾನಸಭೆಗೆ ಹಳಿಯಾಳ ಕ್ಷೇತ್ರ. ಲೋಕಸಭೆಗೆ ಉತ್ತರ ಕನ್ನಡ ಕ್ಷೇತ್ರವಾದರೂ ಅದರಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರುಗಳೂ ಇವೆ.

ಒಂದೊಂದು ಇಲಾಖೆಯೂ ತನ್ನ ಅನುಕೂಲಕ್ಕೆ ತಕ್ಕಂತೆ ಗೆರೆ ಎಳೆದಿದೆ, ಪ್ರತಿಯೊಂದಕ್ಕೂ ಆ ಕಾಲದಲ್ಲಿ ಒಂದು ಕಾರಣವಿದ್ದೇ ಇತ್ತು. ಕಷ್ಟ ಹುಟ್ಟುವುದು ಒಂದೇ ಕೆಲಸಕ್ಕೆ ಎರಡು ಮೂರು ಇಲಾಖೆಗಳು ಕೂಡಬೇಕಾದಾಗ. ಹಳ್ಳಕ್ಕೆ ಒಂದು ಮೋರಿ ಹಾಕಬೇಕು, ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ದಾಟಬೇಕು ಎಂದುಕೊಳ್ಳಿ. ಪಂಚಾಯಿತಿಯಲ್ಲಿ ಹಣ ಮಂಜೂರಾಗಿದೆ, ಜಾಗ ಅರಣ್ಯದ್ದು. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮಿನಲ್ಲಿ ಶಾಲೆ, ಅಂಗನವಾಡಿ, ರಸ್ತೆ, ಕುಡಿಯುವ ನೀರು ಮೊದಲಾದ 13 ಬಗೆಯ ಸೌಲಭ್ಯಗಳಿಗೆ ಒಂದು ಹೆಕ್ಟೇರಿನ ಒಳಗಿನ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಲು ಅವಕಾಶವಿದೆ. ಇದಕ್ಕೆ ದಿಲ್ಲಿಯವರೆಗೆ ಕಡತ ಹೋಗಬೇಕಾಗಿಲ್ಲ. ಆದರೂ ಬಹಳಷ್ಟು ಗ್ರಾಮಸಭೆಗಳಲ್ಲಿ ಈ ಕಲಮನ್ನು ಹೆಸರಿಸಿ ಠರಾವು ಬರೆಯುವುದಿಲ್ಲ, ‘ಮೋರಿ ಮಾಡಿಸಿಕೊಡಬೇಕು’ ಎಂದಷ್ಟೇ ಬರೆದು ಕಳಿಸುತ್ತಾರೆ. ಅಂಥ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಮಳೆಗಾಲ ಮತ್ತೆ ಬಂದಿರುತ್ತದೆ. ಇದನ್ನು ನೋಡಿ ನೋಡಿ ನನಗೆ ಸಂಕಟವಾಗಿದೆ, ಏಕೆಂದರೆ ಇಲ್ಲಿ ಕಾನೂನೂ ಇದೆ, ಹಣವೂ ಇದೆ, ಎರಡನ್ನೂ ಒಂದೆಡೆ ಕೂರಿಸಿ ಸಹಿ ಮಾಡಿಸುವವರು ಮಾತ್ರ ತಾಲ್ಲೂಕಿನಲ್ಲಿಲ್ಲ.

ಪುಣೆಯ ಶಿರಸಿಗ

ಅಕ್ಕನವರು ಬರೆದದ್ದನ್ನು ಓದಿದ ಮೇಲೆ ಶಿರಸಿ ಜಿಲ್ಲೆಯ ಬೇಡಿಕೆ ಇನ್ನೂ ನ್ಯಾಯವಾಗಿ ಕಾಣುತ್ತದೆ. 1997ರಲ್ಲಿ ಉಡುಪಿ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ ಎಲ್ಲವೂ ಜಿಲ್ಲೆಗಳಾದವು. 12 ತಾಲ್ಲೂಕುಗಳಿರುವ ಉತ್ತರ ಕನ್ನಡವನ್ನು ಮುಟ್ಟಲಿಲ್ಲ. ಸಿದ್ದಾಪುರದವನಾಗಲಿ ಮುಂಡಗೋಡದವನಾಗಲಿ ಜಿಲ್ಲಾಧಿಕಾರಿಯನ್ನು ಕಾಣಲು ನೂರು ಕಿ.ಮೀ.ಗೂ ಮಿಕ್ಕಿ ಘಟ್ಟದ ದಾರಿ ಇಳಿದು ಹೋಗಿ ಅದೇ ದಿನ ಮರಳುವುದು ಸುಲಭವಲ್ಲ. ಅಡಿಕೆ ತೋಟ, ಅದಕ್ಕೆ ಬಿಟ್ಟ ಸೊಪ್ಪಿನ ಬೆಟ್ಟ, ಸಹಕಾರಿ ಸಂಘಗಳು, ಹೀಗೆ ಘಟ್ಟದ ಮೇಲಿನ ವ್ಯವಹಾರವೇ ಬೇರೆ. ಮೀನುಗಾರಿಕೆ, ನೌಕಾನೆಲೆ, ಹೆದ್ದಾರಿಗಳ ಕರಾವಳಿಯೇ ಬೇರೆ. ಅರಣ್ಯಕ್ಕೂ ಶಿಕ್ಷಣಕ್ಕೂ ಶಿರಸಿ ಈಗಾಗಲೇ ಕೇಂದ್ರವಾಗಿರುವಾಗ ಕಂದಾಯಕ್ಕೂ ಆಗಲಿ ಎನ್ನುವುದರಲ್ಲಿ ತಪ್ಪೇನಿದೆ?

ಮಡಗಾಂವ್ ಶಿರಸ್ತೇದಾರ

ತಪ್ಪೇನೂ ಇಲ್ಲ, ಶಿರಸಿ, ಸಿದ್ದಾಪುರದವರಿಗೆ ಅದರಿಂದ ನಿಜವಾಗಿಯೂ ಒಳ್ಳೆಯದಾಗುತ್ತದೆ. ಆದರೆ ಜೋಯಿಡಾದ ಮನುಷ್ಯನಿಗೆ ಶಿರಸಿಯ ದಾರಿ ಕಾರವಾರದ ದಾರಿಗಿಂತ ಹತ್ತಿರವೇನಲ್ಲ, ದಾಂಡೇಲಿ, ಯಲ್ಲಾಪುರ ಸುತ್ತಿ ಹೋಗಬೇಕು. ಜಿಲ್ಲೆ ಎರಡಾದರೆ ಸೂಪಾದ ನೀರು ಒಂದು ಜಿಲ್ಲೆಯಲ್ಲಿ, ಕದ್ರಾದ ನೆರೆ ಇನ್ನೊಂದರಲ್ಲಿ ಆಗುವ ಸಂಭವವೂ ಇದೆ; ಎಂಜಿನಿಯರರು ಹೇಳಿದ ಒಂದೇ ಕೈಯ ಸೂಚನೆ ಆಗ ಎರಡು ಕೈಗೆ ಹೋಗುತ್ತದೆ. ಆದ್ದರಿಂದ ಜೋಯಿಡಾ, ಹಳಿಯಾಳ, ದಾಂಡೇಲಿ ಮೂರು ತಾಲ್ಲೂಕುಗಳಿಗೆ ದಾಂಡೇಲಿಯಲ್ಲಿ ಒಂದು ಉಪವಿಭಾಗಾಧಿಕಾರಿ ಕಚೇರಿ ಆಗಬೇಕೆಂಬುದು ನನ್ನ ಅಭಿಪ್ರಾಯ. ಹುಲಿ ಮೀಸಲಿನ ಕಚೇರಿ ಅಲ್ಲಿದೆ, ಸಾರಿಗೆ ಕಚೇರಿಯೂ ಅಲ್ಲಿದೆ, ಬಸ್ಸುಗಳು ಅಲ್ಲಿಗೆ ಹೋಗುತ್ತವೆ. ಹೊಸ ಜಿಲ್ಲೆಗೆ ಬೇಕಾದ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಇದು ಸಾಧ್ಯ, ಜಿಲ್ಲಾ ವಿಭಜನೆಯ ತೀರ್ಮಾನಕ್ಕೆ ಕಾಯಬೇಕಾಗಿಯೂ ಇಲ್ಲ.

ಕಾಳಿತೀರದವ (ವಾಸ್ಕೊ)

ಎಲ್ಲರಿಗೂ ಕೃತಜ್ಞತೆಗಳು. ಅಕ್ಕನವರೇ, ಇನ್ನೊಂದು ಮಾತು. ನಮ್ಮ ತಾಯಿಯ ಊರಿನ ಕುಣಬಿಯವರಿಗೂ ಗಡಿಯ ಈಚೆ ಕಾಣಕೋಣ, ಸಾಂಗೆಯ ಕುಣಬಿಯವರಿಗೂ ಕೊಟ್ಟುತಂದ ಸಂಬಂಧಗಳಿವೆ, ಮಾತು ಕೊಂಕಣಿಯೇ. ಇಲ್ಲಿನವರು ಪರಿಶಿಷ್ಟ ಪಂಗಡ, ಅಲ್ಲಿನವರು ಅಲ್ಲ. ಇದರಿಂದ ಅರಣ್ಯ ಹಕ್ಕಿನ ಅರ್ಜಿಯಲ್ಲಿ ವ್ಯತ್ಯಾಸವಾಗುತ್ತದೆಯೇ?

ಮಡಗಾಂವ್ ಶಿರಸ್ತೇದಾರ

ಬಹಳ ದೊಡ್ಡ ವ್ಯತ್ಯಾಸವಾಗುತ್ತದೆ. ಪರಿಶಿಷ್ಟ ಪಂಗಡಗಳ ಪಟ್ಟಿ ರಾಜ್ಯವಾರು ಇರುತ್ತದೆ. 2003ರಲ್ಲಿ ಗೋವಾದ ಪಟ್ಟಿಗೆ ಕುಣಬಿ, ಗಾವಡಾ, ವೆಳೀಪರು ಸೇರಿದರು. ಅದೇ ತಿದ್ದುಪಡಿಯಲ್ಲಿ ಉತ್ತರ ಕನ್ನಡದ ಸಿದ್ದಿಯರು ಕರ್ನಾಟಕದ ಪಟ್ಟಿಗೆ ಸೇರಿದರು, ಜೋಯಿಡಾದ ಕುಣಬಿಯವರು ಸೇರಲಿಲ್ಲ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಭೂಮಿ ತಮ್ಮ ಅನುಭವದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಆ ದಿನಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನೇ ನಂಬಿ ಬಾಳಿದ್ದನ್ನು ಸಾಬೀತುಪಡಿಸಬೇಕು. ಗಡಿಯ ಈಚೆಯ ಬೀಗರಿಗೆ ಕೇಳದ 1930ರ ಸಾಕ್ಷ್ಯವನ್ನು ಆಚೆಯ ಬೀಗರಿಗೆ ಕೇಳುತ್ತಾರೆ. 1930 ಎಂದರೆ ಮುಂಬಯಿ ಪ್ರಾಂತದ ಕಾಲ, ಜೋಯಿಡಾ ಆಗಿನ್ನೂ ಹಳಿಯಾಳದ ಕೈಕೆಳಗಿನ ಸೂಪಾ. ಕಾಡಿನಲ್ಲಿ ಕುಮ್ರಿ ಕಡಿದು ರಾಗಿ ಬೆಳೆಯುತ್ತಿದ್ದವರ ಹೆಸರಿನಲ್ಲಿ ಕಾಗದ ಎಲ್ಲಿಂದ ಬರಬೇಕು?

ಆದರೂ ನಿಮ್ಮ ಊರಿನವರು ಕಾಗದವಿಲ್ಲವೆಂದು ಅರ್ಜಿ ಕೈಬಿಡಬಾರದು. ಕಾಯ್ದೆಯ ನಿಯಮ 13ರಲ್ಲಿ ಸಾಕ್ಷ್ಯಗಳ ಪಟ್ಟಿಯೇ ಇದೆ. ಅರ್ಜಿದಾರನಲ್ಲದ ಬೇರೆ ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದರೆ ಅದೂ ಸಾಕ್ಷ್ಯವೇ. ಹಳೆಯ ಬಾವಿ, ಸ್ಮಶಾನ, ದೇವರ ಬನಗಳೂ ಸಾಕ್ಷ್ಯವಾಗುತ್ತವೆ. ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಬರುವ ದಿನ ಹಿರಿಯರನ್ನು ಕೂರಿಸಿ, ಯಾರ ಅಜ್ಜ ಯಾವ ಗದ್ದೆ ಮಾಡುತ್ತಿದ್ದರೆಂಬುದನ್ನು ಹೆಸರು ಸಹಿತ ಬರೆಸಿ, ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಓದಿಸಿ ಸೇರಿಸಬೇಕು. ನಂತರ ಕಡತ ಉಪವಿಭಾಗ ಮಟ್ಟದ ಸಮಿತಿಗೆ, ಅಂದರೆ ಕಾರವಾರಕ್ಕೆ ಹೋಗುತ್ತದೆ. ಕಳಿಸುವ ಮೊದಲು ನಡಾವಳಿಯ ದೃಢೀಕೃತ ಪ್ರತಿಯೊಂದನ್ನು ಕೇಳಿ ಪಡೆದು ಊರಿನಲ್ಲೇ ಇಟ್ಟುಕೊಳ್ಳಲು ಹೇಳಿರಿ.